ಹಸಿರು ನೊರೆ ಎದ್ದ ಬೆಳಗು

ಕೂದಲು ಕತ್ತರಿಸುವುದರಲ್ಲಿ ಆ ಪಾರ್ಲರಿನಲ್ಲಿ ಅಕ್ಕನನ್ನು ಮೀರಿಸುವವರಿರಲಿಲ್ಲ. ಅಂಥವಳು ಒದ್ದೆ ನೆಲದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಮರದ ಕೊರಡಿನಂತೆಯೇ ಇತ್ತು. "ದಿನಾ ಆಡಿಸಿ" ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟರೆ, ಒಂದೆರಡು ಸಲ ಅದುಮಿ, "ಇದೇನು ಮಕ್ಕಳಾಟ!" ಎಂದು ಸೋಫಾದ ಕೆಳಗೆ ಎಸೆದಳು. ನೋವಿಗಿಂತ ಅವಳಿಗೆ ಹೆದರಿಕೆಯೇ ಜಾಸ್ತಿ. ಕತ್ತರಿ ಹಿಡಿಯಲಾರದ ಕೈ ಇಟ್ಟುಕೊಂಡು ಅವಳು ಮಾಡುವುದಾದರೂ ಏನು? ಪಾರ್ಲರಿನ ಯಜಮಾನಿ ಆಗಲೇ ಅವಳ ಕುರ್ಚಿಗೆ ಹೊಸ ಹುಡುಗಿಯನ್ನು ತಂದು ನಿಲ್ಲಿಸಿದ್ದರು.

ಕೆಫೆಯಲ್ಲಿ ಕೆಲಸಕ್ಕಿದ್ದ ತಂಗಿ ಒಂದು ಸಂಜೆ ಪುಟ್ಟ ಡಬ್ಬಿ, ಎಳೆ ಎಳೆಯಾಗಿ ಸೀಳಿದ ಬಿದಿರಿನ ಕಡೆಗೋಲು ಹಿಡಿದು ಬಂದಳು.

"ಮಾಚಾ ಅಂತ ಅಕ್ಕ, ಹಸಿರು ಟೀ. ಸೋಸಿ ಎಲೆ ಬಿಸಾಡೋ ಹಾಗಿಲ್ಲ. ಎಲೆಯನ್ನೇ ನುಣ್ಣಗೆ ಬೀಸಿರ್ತಾರೆ, ಪೂರ್ತಿ ಹೊಟ್ಟೆಗೇ."

"ಕೊಡೇ ಇಲ್ಲಿ" ಎಂದು ಅಕ್ಕ ಬಟ್ಟಲಿಗೆ ಪುಡಿ ಸುರಿದು, ಕುದಿಯುವ ನೀರು ಹೊಯ್ದು, ಗಿರಾಕಿಯ ತಲೆಗೆ ಬಣ್ಣ ಕಲಸುವ ಹಾಗೆ ಭುಜವೆಲ್ಲ ಆಡಿಸಿ ಗರಗರ ತಿರುಗಿಸಿದಳು. ಗಂಟೋ ಗಂಟು! ಗಂಡ ಇಣುಕಿ ನೋಡಿದ. "ಯಾರ ತಲೆಗೆ ಹಚ್ತೀಯೇ ಇದನ್ನ?"

ಅಕ್ಕ ಒಂದು ಗುಟುಕು ಕುಡಿದಳು. "ಥೂ! ಕಹಿ!"

"ಆಗದೆ ಇನ್ನೇನು?" ಎಂದಳು ತಂಗಿ. "ನೀರು ಕುದಿಸಿ ಸ್ವಲ್ಪ ಆರಿಸ್ಬೇಕು. ಪುಡಿ ಜರಡಿ ಹಿಡೀಬೇಕು. ಮೊದಲು ಒಂಚೂರು ನೀರಲ್ಲಿ ಕಲಸಿ, ಆಮೇಲೆ ಉಳಿದದ್ದು ಹಾಕು. ಸುತ್ತ ತಿರುಗಿಸ್ಬೇಡ, ಹಿಂದಕ್ಕೂ ಮುಂದಕ್ಕೂ ಬೇಗಬೇಗ ಆಡಿಸು. ಭುಜ ಅಲ್ಲ ಅಕ್ಕ, ಮಣಿಕಟ್ಟು!"

ಅಕ್ಕನ ಕಣ್ಣು ತುಂಬಿತು. "ಅದೇ ಆಡಲ್ವಲ್ಲೇ."

"ಆಡಿದಷ್ಟು ಆಡಲಿ. ನೊರೆ ಬರದಿದ್ರೆ ಕುಡಿಯೋಳು ನಾನು ತಾನೇ?"

ಆ ಹಠಮಾರಿಗೆ ಅಷ್ಟೇ ಸಾಕಾಯಿತು. ಚೆಂಡು ಅದುಮಲು ಬೇಸರಪಟ್ಟವಳು ನೊರೆಯ ಬೆನ್ನು ಬಿದ್ದಳು. ಬೆಳಗಾದರೆ ಜರಡಿ, ಬಟ್ಟಲು, ಕಡೆಗೋಲು; ಹಲ್ಲು ಕಚ್ಚುವುದು, ಕಡೆಗೋಲಿಗೆ ಬೈಯುವುದು. ಗಂಟು ಗಂಟಾದದ್ದನ್ನು ಮನೆಯವರೆಲ್ಲ ಕುಡಿಯಬೇಕು. "ನನ್ನ ಕಾಫಿ ಯಾವ ತಪ್ಪಿಗೆ ಕಿತ್ಕೊಂಡೆ?" ಎಂದು ಗಂಡ ಗೋಳಾಡಿದ.

ಹೀಗೇ ಕೆಲವು ವಾರ ಕಳೆದು, ಒಂದು ಬೆಳಗ್ಗೆ ನೊರೆ ಎದ್ದೇಬಿಟ್ಟಿತು. ದೊಡ್ಡ ಗುಳ್ಳೆ ಒಂದೂ ಇಲ್ಲ. ತಿಳಿಹಸಿರು, ಮಂದವಾಗಿ, ಬಟ್ಟಲಿನ ಅಂಚಿನವರೆಗೆ. ಅಕ್ಕ ನೋಡಿದ್ದು ನೊರೆಯನ್ನಲ್ಲ. ಮಣಿಕಟ್ಟು ತಾನಾಗಿ ಸರಸರ ಆಡುತ್ತಿತ್ತು.

"ರೀ! ಬನ್ರೀ ಇಲ್ಲಿ! ಕೈ ನೋಡ್ರೀ!"

ಅವಳು ನಗುತ್ತ, ಅಳುತ್ತ ಕೂಗಿದ ಅಬ್ಬರಕ್ಕೆ ಮೇಲಿನ ಮನೆಯವರೂ ಕಿಟಕಿ ತೆಗೆದರು. ಅವತ್ತೇ ಕತ್ತರಿಗೆ ಎಣ್ಣೆ ಹಾಕಿ, ಗಂಡನ ತಲೆಗೂ ತಂಗಿಯ ತಲೆಗೂ ಕೈ ಹಚ್ಚಿದಳು.

ಅದರ ಮರುದಿನವೇ ಯಜಮಾನಿ ಮನೆಗೆ ಬಂದರು. ಅವರ ಹಣೆಯ ಮೇಲಿನ ಕೂದಲು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ.

"ಬೇಜಾರು ಮಾಡ್ಕೋಬೇಡ" ಎಂದು ಶುರು ಮಾಡಿದರು. "ಎಷ್ಟು ದಿನ ಅಂತ ಕಾಯೋದು? ಆ ಹುಡುಗೀನೇ ಕಾಯಂ ಮಾಡೋಣ ಅಂತ..."

ಅಕ್ಕ ಬಟ್ಟಲು ತಂದಳು, ಪುಡಿ ಜರಡಿ ಹಿಡಿದಳು, ಆರಿಸಿದ ನೀರು ಹಾಕಿ ಕಡೆಗೋಲು ಎತ್ತಿಕೊಂಡಳು. ಯಜಮಾನಿಯ ಕಣ್ಣು ಸರಸರ ಆಡುವ ಆ ಮಣಿಕಟ್ಟಿನ ಮೇಲೆಯೇ ಇತ್ತು.

"ಕುಡೀರಿ ಮೇಡಂ. ನಿಮ್ಮ ಮುಂಗೂದಲು ಯಾರು ಕತ್ತರಿಸಿದ್ದು?"

ಯಜಮಾನಿ ಹಣೆ ಮುಟ್ಟಿಕೊಂಡರು. "ಅವಳೇ."

ಅಕ್ಕ ಒಳಗೆ ಹೋಗಿ ಕತ್ತರಿ, ಬಾಚಣಿಗೆ ತಂದಳು. "ಸ್ವಲ್ಪ ಗದ್ದ ಎತ್ತಿ."

ಕನ್ನಡಿಯಿಲ್ಲದೆ ಯಾರಿಗೂ ತಲೆ ಕೊಡದ ಹೆಂಗಸು ಗದ್ದ ಎತ್ತಿ ಕಣ್ಣು ಮುಚ್ಚಿದರು. ಕತ್ತರಿ ಎಲ್ಲೂ ತಡೆಯದೆ ಈ ತುದಿಯಿಂದ ಆ ತುದಿಗೆ ಹೋಯಿತು.

"ನಾಳೆ ಬೇಗ ಬಂದು ನಿನ್ನ ಕುರ್ಚಿ ಒರೆಸ್ಕೋ" ಅಂದರು ಯಜಮಾನಿ, ಕಣ್ಣು ತೆರೆಯದೆಯೇ.