ಇಲ್ಲದ ಜಾಗದಲ್ಲಿ ತುರಿಕೆ

ಕ್ಯಾನ್ಸರೆಂದು ನನ್ನ ಎಡಮೊಲೆಯನ್ನು ತೆಗೆದು ನನ್ನನ್ನು ಮನೆಗೆ ಕಳಿಸಿದ ಮೇಲೆ ಅದೇ ಎಡಮೊಲೆ ತುರಿಸತೊಡಗಿತು. ಹೊಲಿಗೆಯ ಜಾಗವಲ್ಲ, ಪಟ್ಟಿಯ ಅಂಚೂ ಅಲ್ಲ. ಅವೆಲ್ಲ ಮರಗಟ್ಟಿದ್ದವು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ತುರಿಸುತ್ತಿದ್ದದ್ದು ಮೊದಲು ತೊಟ್ಟು ಇದ್ದ ಜಾಗ. ಈಗ ಅಲ್ಲಿ ಇದ್ದದ್ದು ಸಡಿಲ ಅಂಗಿ, ಅದರೊಳಗೆ ಗಾಳಿ. ಕೆರೆಯೋಣವೆಂದು ಕೈ ಹಾಕಿದರೆ ಕೆರೆಯಲು ಏನೂ ಸಿಗುತ್ತಿರಲಿಲ್ಲ.

ನನ್ನದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ಯಾವುದು ಬಂದರೂ ಬಿಚ್ಚಿ ಒಳಗೇನಾಗಿದೆ ಎಂದು ನೋಡದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಯಂತ್ರ ಅಂತಲ್ಲ, ಪಕ್ಕದ ಮನೆಯ ಜಗಳವಾದರೂ ಬುಡದಿಂದ ಗೊತ್ತಾಗಬೇಕು. "ಇವಳಿಗಿಂತ ಮೊದಲು ಇವಳ ಮೂಗು ಬಾಗಿಲು ದಾಟುತ್ತೆ" ಎಂದು ನಮ್ಮತ್ತೆ ಹೇಳುತ್ತಿದ್ದರು. ತಪ್ಪೇನೂ ಹೇಳುತ್ತಿರಲಿಲ್ಲ.

ಅಂಥವಳು ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಭಯ, ಬೇರೇನೂ ಅಲ್ಲ. ಇಲ್ಲದ್ದು ಹೇಗೆ ತುರಿಸುತ್ತದೆ? ತುರಿಸುತ್ತಿದೆ ಎಂದರೆ ಅಲ್ಲಿ ಏನೋ ಉಳಿದಿದೆ, ಉಳಿದದ್ದು ಬೆಳೆಯುತ್ತಿದೆ. ನನ್ನ ತಲೆ ಓಡಿದ್ದು ಹಾಗೆ. ಡಾಕ್ಟರನ್ನು ಕೇಳಿದರೆ ಮತ್ತೆ ಆಪರೇಷನ್ ಮೇಜಿನ ಮೇಲೆ ಮಲಗಿಸುತ್ತಾರೆ. ಕೇಳದಿದ್ದರೆ ಒಳಗೊಳಗೇ ಸಾಯುತ್ತೇನೆ.

ಗಂಡನಿಗೆ ಹೇಳಬಹುದಿತ್ತು. ನಮ್ಮವರದು ನನ್ನ ಅಂಗಡಿಯ ಪಕ್ಕದಲ್ಲೇ ಸಲೂನು. ಕುರ್ಚಿಯಲ್ಲಿ ಕೂತವರಿಗೆಲ್ಲ, "ಪೂರ್ತಿ ತೆಗೆದಿದ್ದಾರೆ, ಇನ್ನೇನೂ ಭಯ ಇಲ್ಲ" ಎಂದು ಕೇಳದಿದ್ದರೂ ಹೇಳುತ್ತಿದ್ದರು. ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಅಷ್ಟು ಸಂತೋಷದಲ್ಲಿರುವವರ ಮುಂದೆ ಇದನ್ನು ಹೇಗೆ ಬಾಯಿಬಿಡಲಿ? ಅದೂ ಅಲ್ಲದೆ, ಹೇಳಬೇಕಾದರೆ ಅವರು ಹತ್ತಿರವಾದರೂ ಬರಬೇಕಲ್ಲ. ಆಪರೇಷನ್ನಾದ ಮೇಲೆ ಚಹಾ ತಂದರೆ ಲೋಟವನ್ನು ಮೇಜಿನ ಅಂಚಿನಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ಮಲಗುವುದು ಹೊರಕೋಣೆಯ ಬೆಂಚಿನ ಮೇಲೆ. ಊರವರ ಕುತ್ತಿಗೆಗೆ ಕತ್ತಿ ಹಿಡಿದರೂ ನಡುಗದ ಆ ಕೈ ನನ್ನ ಭುಜದ ಹತ್ತಿರ ಬಂದರೆ ನಡುಗುತ್ತಿತ್ತು. ಅಸಹ್ಯವೋ, ಹೆದರಿಕೆಯೋ? ಅದನ್ನೂ ನಾನು ಕೇಳಿರಲಿಲ್ಲ.

ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋದಾಗ ಕಾಯುವ ಕೋಣೆಯಲ್ಲಿ ಒಂದೇ ಬೆಂಚು. ಅಲ್ಲಿ ಕೂರುವವರೆಲ್ಲ ನನ್ನ ಹಾಗೇ ಒಂದು ಕಡೆ ಹಗುರಾದ ಹೆಂಗಸರು. ಒಬ್ಬರು ಬಸ್ ಕಂಡಕ್ಟರು, ದೊಡ್ಡ ದನಿಯವರು. ಗಾಯದ ನೀರು ಇಳಿಯುವ ಪೈಪು, ಅದರ ತುದಿಯ ಬಾಟಲಿಯನ್ನು ಬಟ್ಟೆಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡಿರುತ್ತಿದ್ದರು. ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ಕಾವಲುಗಾರ "ಬ್ಯಾಗ್ ಇಲ್ಲೇ ಇಟ್ಟು ಹೋಗಿ" ಎಂದನಂತೆ. "ಇಡ್ತೀನಪ್ಪ, ಆದ್ರೆ ನಾನೂ ಇಲ್ಲೇ ಕೂರ್ಬೇಕಾಗುತ್ತೆ. ನಾವಿಬ್ರೂ ಒಂದೇ ಪೈಪಿನವರು" ಎಂದರಂತೆ ಇವರು. ಚೀಲದೊಳಗೆ ಇಣುಕಿದ ಅವನು ಬಾಗಿಲನ್ನೇ ತೆಗೆದು ಹಿಡಿದನಂತೆ. ಇದನ್ನು ಅವರು ಪ್ರತಿ ಸಲ ಹೇಳುತ್ತಿದ್ದರು, ನಾವು ಪ್ರತಿ ಸಲ ನಗುತ್ತಿದ್ದೆವು. "ಎದೆ ಹಗುರಾಯ್ತು" ಎನ್ನುವ ಮಾತಂತೂ ಆ ಕೋಣೆಯಲ್ಲಿ ಯಾರ ಬಾಯಿಂದ ಜಾರಿದರೂ ಸಾಕು, ಹೊಲಿಗೆ ಹಿಡಿದುಕೊಂಡು ನಗಬೇಕಾಗುತ್ತಿತ್ತು.

ಇನ್ನೊಬ್ಬರು ಟೀಚರು. ಕೆಲಸದಿಂದ ನಿವೃತ್ತರಾದವರು, ಕೂದಲು ಬೆಳ್ಳಗಾದವರು, ಮಾತು ಕಡಿಮೆ. ನನ್ನ ಕಣ್ಣು ಬಿದ್ದದ್ದು ಅವರ ಮೇಲೆ. ಕೂತಲ್ಲೇ ಇದ್ದಕ್ಕಿದ್ದ ಹಾಗೆ ಕೈ ಎತ್ತಿ ತಮ್ಮ ಕಿವಿಯ ಹಾಲೆಯನ್ನು ತಾವೇ ಹಿಂಡಿಕೊಳ್ಳುತ್ತಿದ್ದರು. ಮೆಲ್ಲಗಲ್ಲ, ಸರಿಯಾಗಿ ತಿರುಚಿ. ಆಮೇಲೆ ಮುಖ ಸಡಿಲವಾಗಿ ಒಂದು ಉಸಿರು ಬಿಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಿಂಡಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿ ಸುಮ್ಮನಿದ್ದೆ. ಎರಡನೆಯ ಸಲ ಹೋದಾಗ ಆ ಹೆಂಗಸಿನ ಕಿವಿ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ಮೂರನೆಯ ಸಲ ತಡೆಯಲಾಗಲಿಲ್ಲ.

"ಟೀಚರ್, ಏನೂ ಅಂದ್ಕೋಬೇಡಿ. ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿದ್ದಕ್ಕೆ ಈಗ ನಿಮ್ಮದೇ ಹಿಂಡ್ಕೊಳ್ತಿದೀರಾ?"

ಟೀಚರು ಕೆಂಪಾದರು. ಕಂಡಕ್ಟರು ಚೀಲ ಸರಿಸಿಕೊಂಡು ಹತ್ತಿರ ಬಂದರು. ಟೀಚರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ತುರಿಸುತ್ತಮ್ಮ" ಎಂದರು.

"ಕಿವಿನಾ?"

"ಅಲ್ಲ. ಅದು. ತೆಗೆದರಲ್ಲ, ಅದೇ. ಅದು ತುರಿಸಿದಾಗ ಕಿವಿ ಹಿಂಡಿದ್ರೆ ಹೋಗುತ್ತೆ."

ನನ್ನ ಎದೆ ಧಸಕ್ಕೆಂದಿತು. ಎಷ್ಟು ಉಳಿದಿತ್ತೋ ಅಷ್ಟೂ ಎದೆ. ನಾನು ಏನು ಹೇಳಿದೆನೋ ನೆನಪಿಲ್ಲ, ಅಳು ಮೊದಲು ಬಂತು. "ನಂಗೂ ತುರಿಸುತ್ತೆ. ಅಲ್ಲೇನೋ ಬಿಟ್ಟುಬಿಟ್ಟಿದ್ದಾರೆ ಅಂತ ನಾನು..." ಎನ್ನುವಷ್ಟರಲ್ಲಿ ಮೂಗು ಸೋರುತ್ತಿತ್ತು.

"ಅಯ್ಯೋ ಹುಚ್ಚಮ್ಮ, ಇಷ್ಟನ್ನ ಹೊಟ್ಟೇಲಿಟ್ಕೊಂಡು ಕೂತಿದ್ರಾ?" ಎಂದರು ಕಂಡಕ್ಟರು. "ನಂದೂ ಕಡಿಯುತ್ತೆ. ಕೆರ್ಕೊಳ್ಳೋಕೆ ಹೋದ್ರೆ ಕೈಗೆ ಗಾಳಿ ಸಿಗುತ್ತೆ. ಏಳಿ, ಡಾಕ್ಟರನ್ನೇ ಕೇಳೋಣ." ಬಸ್ಸಿನಲ್ಲಿ ಜನರನ್ನು ಒಳಕ್ಕೆ ತಳ್ಳುವ ಹಾಗೆ ನನ್ನನ್ನು ಡಾಕ್ಟರಮ್ಮನ ಕೋಣೆಯೊಳಕ್ಕೆ ತಳ್ಳಿದರು.

ಡಾಕ್ಟರಮ್ಮ ಮೊದಲು ಗಾಯ ನೋಡಿದರು, ಕಂಕುಳ ಒತ್ತಿ ನೋಡಿದರು, ರಿಪೋರ್ಟು ತೆಗೆದು ಇನ್ನೊಮ್ಮೆ ಓದಿದರು. "ತೆಗೆದ ಭಾಗದ ಅಂಚೆಲ್ಲ ಚೊಕ್ಕವಾಗಿದೆ. ಈ ತುರಿಕೆಗೂ ರೋಗಕ್ಕೂ ಸಂಬಂಧ ಇಲ್ಲ" ಎಂದರು. ಆ ಮಾತಿಗೆ ಅವರ ಕಾಲಿಗೆ ಬೀಳೋಣವೆನ್ನಿಸಿತು. ಆದರೆ ನನ್ನ ಚಟ ಬಿಡಬೇಕಲ್ಲ. ಹಾಗಾದರೆ ತುರಿಸುವುದು ಏನು ಎಂದು ಕೇಳಿದೆ.

"ಅಲ್ಲಿಂದ ಸುದ್ದಿ ತರ್ತಿದ್ದ ನರ ಕತ್ತರಿಸಿ ಹೋಗಿದೆ. ಆದ್ರೆ ಅದಕ್ಕೆ ಅಂತ ಮೆದುಳಲ್ಲಿ ಇರೋ ಜಾಗ ಹಾಗೇ ಇದೆಯಲ್ಲ. ಅದು ಖಾಲಿ ಕೂರಲ್ಲ. ಕೆಲವರಿಗೆ ಬೇರೆ ಕಡೆಯ ಸುದ್ದಿ ಅಲ್ಲಿಗೆ ನುಗ್ಗುತ್ತೆ. ಕಿವಿ ಮುಟ್ಟಿದ್ರೆ ಮೊಲೆ ಮುಟ್ಟಿದ ಹಾಗೆ ಗೊತ್ತಾಗುತ್ತೆ."

ಹಳೆಯ ಮನೆಗಳಲ್ಲಿ ವೈರುಗಳು ಅದಲುಬದಲಾಗಿ, ಅಡುಗೆಮನೆಯ ಸ್ವಿಚ್ಚು ಒತ್ತಿದರೆ ಬಚ್ಚಲುಮನೆಯ ದೀಪ ಉರಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಇದೂ ಅದೇ. ಭಯವಿದ್ದ ಜಾಗಕ್ಕೆಲ್ಲ ಒಮ್ಮೆಲೇ ಕುತೂಹಲ ಬಂದು ಕೂತಿತು.

"ಹಾಗಾದ್ರೆ ನನ್ನ ಸ್ವಿಚ್ಚೂ ಎಲ್ಲೋ ಇರ್ಬೇಕು" ಎಂದೆ.

"ಹುಡುಕಿ. ಗಾಯ ಮಾತ್ರ ಮುಟ್ಬೇಡಿ" ಎಂದು ಡಾಕ್ಟರಮ್ಮ ನಕ್ಕರು.

ಬಟ್ಟೆ ಬದಲಿಸುವ ಪರದೆಯ ಹಿಂದೆ ಮೂವರೂ ನುಗ್ಗಿದೆವು. ನಾನು ಸ್ಟೂಲಿನ ಮೇಲೆ ಕೂತೆ. ಟೀಚರು ಮೊದಲು ನನ್ನ ಕಿವಿ ಹಿಡಿದರು. ಏನೂ ಇಲ್ಲ, ಕಿವಿ ಉರಿಯಿತು ಅಷ್ಟೆ. ಗಂಟಲ ಕೆಳಗಿನ ಮೂಳೆ, ಅಲ್ಲೂ ಇಲ್ಲ. ದವಡೆ, ಮೊಣಕೈ, ಕಿರುಬೆರಳು. "ಮುಂದಿನ ಸ್ಟಾಪು, ಮುಂದಿನ ಸ್ಟಾಪು" ಎನ್ನುತ್ತ ಕಂಡಕ್ಟರು ಬೆರಳಿನಿಂದ ಒತ್ತುತ್ತ ಬೆನ್ನಿಗೆ ಬಂದರು. ಎಡ ಹೆಗಲ ಮೂಳೆಯ ಕೆಳಗೆ, ಬೆನ್ನುಮೂಳೆಯ ಕಡೆಗೆ ಒಂದು ಕಡೆ ಅವರ ಬೆರಳು ತಾಗಿತು.

"ಅಯ್ಯೋ! ಅಲ್ಲೇ!"

ನಾನು ಕಿರುಚಿದ್ದಕ್ಕೆ ನರ್ಸಮ್ಮ ಓಡಿಬಂದು ಪರದೆ ಸರಿಸಿದರು. ಮೂವರು ಹೆಂಗಸರು ಅಂಗಿ ಜಾರಿಸಿಕೊಂಡು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಬೆರಳಿಟ್ಟು ನಗುತ್ತಿರುವುದನ್ನು ನೋಡಿ, "ಇದೇನು ಆಸ್ಪತ್ರೆನಾ, ಸಂತೆನಾ?" ಎಂದು ಬೈದರು. ಬೈಯಲಿ. ಬೆರಳಿದ್ದದ್ದು ಬೆನ್ನಿನ ಮೇಲೆ, ನನಗೆ ಗೊತ್ತಾಗಿದ್ದು ಮುಂದೆ, ಆ ಇಲ್ಲದ ತುದಿಯಲ್ಲಿ. ಸ್ಪಷ್ಟವಾಗಿ, ಮೊದಲಿನ ಹಾಗೇ. ಇಂಥ ವಿಚಿತ್ರವನ್ನು ನಾನು ಯಾವ ಯಂತ್ರದೊಳಗೂ ಕಂಡಿಲ್ಲ. ಆಮೇಲೆ ಕಂಡಕ್ಟರಮ್ಮನಿಗೂ ಹುಡುಕಿದೆವು, ಎಲ್ಲೂ ಸಿಗಲಿಲ್ಲ. "ನನ್ನ ರೂಟೇ ಕ್ಯಾನ್ಸಲ್ಲು ಬಿಡಿ" ಎಂದರು. ನಕ್ಕರು, ಆದರೆ ಸ್ವಲ್ಪ ಬೇಜಾರಾಗಿತ್ತೆಂದು ನನಗೆ ಗೊತ್ತು.

ಮನೆಗೆ ಬಂದ ಮೇಲೆ ತೊಂದರೆ ಗೊತ್ತಾಯಿತು. ಟೀಚರಿಗೆ ಕಿವಿ ಕೈಗೆಟಕುತ್ತದೆ. ನನ್ನ ಸ್ವಿಚ್ಚು ನನ್ನ ಕೈಗೆ ಎಟಕುವ ಜಾಗದಲ್ಲಿರಲಿಲ್ಲ. ಎಡಗೈ ಇನ್ನೂ ಮೇಲೇಳುವುದಿಲ್ಲ, ಬಲಗೈ ಅಲ್ಲಿಯವರೆಗೆ ಬಾಗುವುದಿಲ್ಲ. ಅಳತೆಪಟ್ಟಿಯಿಂದ ಕೆರೆದೆ. ಎಮ್ಮೆಯ ಹಾಗೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿದೆ. ಬೆನ್ನು ಕೆಂಪಾಯಿತು, ತುರಿಕೆ ಅಲ್ಲೇ ಇತ್ತು. ಅದಕ್ಕೆ ಬೆರಳೇ ಬೇಕಿತ್ತು, ಅದೂ ಇನ್ನೊಬ್ಬರದು.

ಸಂಜೆ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಸಲೂನಿಗೆ ಹೋದೆ. ನಮ್ಮವರು ನೆಲದ ಕೂದಲು ಗುಡಿಸುತ್ತಿದ್ದರು. ನಾನು ಹೋಗಿ ಗಿರಾಕಿಗಳ ಕುರ್ಚಿಯಲ್ಲಿ ಬೆನ್ನು ಒರಗಿಸದೆ ಕೂತುಬಿಟ್ಟೆ.

"ರೀ, ಬೆನ್ನು ಸ್ವಲ್ಪ ಒತ್ತಿ. ಎಡಗಡೆ."

ಪೊರಕೆ ನಿಂತಿತು. "ಬೇಡ ಕಣೇ. ನೋವಾಗಿಬಿಟ್ರೆ?"

"ಅಸಹ್ಯ ಆಗುತ್ತಾ?" ಕನ್ನಡಿಯೊಳಗಿನ ಅವರ ಮುಖಕ್ಕೆ ಕೇಳಿದೆ. ನೇರವಾಗಿ ಕೇಳುವ ಧೈರ್ಯ ಇರಲಿಲ್ಲ.

"ಥೂ, ಏನ್ ಮಾತು ಅಂತ ಆಡ್ತೀಯ! ಕತ್ತಿ ಹಿಡಿಯೋ ಕೈ ಇದು. ನೀನು ಬಟ್ಟೆ ಬದಲಿಸುವಾಗ ಒಂದಿನ ಆ ಕತ್ತಿಯ ಗಾಯ ಕಣ್ಣಿಗೆ ಬಿತ್ತು. ಅವತ್ತಿಂದ ನನ್ನ ಕೈ ನೋಡಿದ್ರೆ ನಂಗೇ ಭಯ." ಅವರ ಕಣ್ಣು ತುಂಬಿತ್ತು.

ಆಗ ಎಲ್ಲವನ್ನೂ ಹೇಳಿದೆ. ತುರಿಕೆ, ನನ್ನ ಹೆದರಿಕೆ, ಟೀಚರ ಕಿವಿ, ಡಾಕ್ಟರಮ್ಮನ ಮಾತು, ವೈರಿಂಗು. ಅವರು ಪೊರಕೆ ಹಿಡಿದುಕೊಂಡೇ ಬಾಯಿ ತೆರೆದು ಕೇಳಿದರು. ಆಮೇಲೆ ಕೈ ತೊಳೆದರು, ಬಿಳಿಯ ಟವೆಲಿನಲ್ಲಿ ಒರೆಸಿಕೊಂಡರು, ಮತ್ತೆ ತೊಳೆದರು. ಕುರ್ಚಿಯ ಹಿಂದೆ ಬಂದು ನಿಂತು, ನಡುಗುವ ಒಂದು ಬೆರಳನ್ನು ನನ್ನ ಬೆನ್ನಿಗಿಟ್ಟರು.

"ಇಲ್ಲಿನಾ?"

"ಇನ್ನೂ ಕೆಳಗೆ. ಸ್ವಲ್ಪ ಒಳಗೆ. ಹಾಂ."

ನನ್ನ ಇಲ್ಲದ ಮೊಲೆಯ ತುದಿಯನ್ನು ನನ್ನ ಗಂಡ ಮುಟ್ಟಿದರು. ಎಷ್ಟು ದಿನದ ಮೇಲೆ. ಕನ್ನಡಿಯಲ್ಲಿ ನನ್ನ ಮುಖ ಹೇಗಾಯಿತೋ, ಅವರು ಅದನ್ನೇ ನೋಡುತ್ತಿದ್ದರು.

"ಎಲ್ಲಿ ಗೊತ್ತಾಗ್ತಿದೆ? ಅಲ್ಲೇನಾ?" ಎಂದು ಪಿಸುಗುಟ್ಟಿದರು. ಅವರ ದನಿಯಲ್ಲಿ ಈಗ ನನ್ನದೇ ಚಟ ಸೇರಿಕೊಂಡಿತ್ತು.

ತಲೆಯಾಡಿಸಿದೆ. ಬೆರಳಿನ ನಡುಕ ನಿಂತಿತು. ಇಡೀ ಅಂಗೈಯನ್ನು ಅಲ್ಲಿ ಒತ್ತಿ ಹಿಡಿದರು.

"ತುರಿಕೆ ಹೋಯ್ತಾ?"

ಅದು ಹೋಗಿ ಆಗಲೇ ಸುಮಾರು ಹೊತ್ತಾಗಿತ್ತು.

"ಇಲ್ಲ. ಇನ್ನೂ ಸ್ವಲ್ಪ" ಎಂದೆ.