ಕ್ರಿಸ್ಮಸ್ ರಜಾಯಿ

ಬದ್ರುನ್ನೀಸಾ ಪೆಡಲಿನ ಮೇಲಿಂದ ಕಾಲು ತೆಗೆಯುವ ಹೊತ್ತಿಗೆ ನಕ್ಷತ್ರದ ಪಕ್ಕದಲ್ಲಿ ಚಂದ್ರನೂ ಮೂಡಿಯಾಗಿತ್ತು. ತೆಳ್ಳಗೆ, ಬಾಗಿಕೊಂಡು, ಒಂದು ಹೊಲಿಗೆಯೂ ತಪ್ಪದೆ. ಇಷ್ಟು ಚೆಂದದ ಚಂದ್ರನನ್ನು ಅವಳು ಈಚೆಗೆ ಹೊಲಿದೇ ಇರಲಿಲ್ಲ. ಆದರೆ ಈ ಸಲ ಚಂದ್ರನನ್ನು ಹೊಲಿದುಕೊಡು ಎಂದು ಯಾರೂ ಕೇಳಿಯೇ ಇರಲಿಲ್ಲ.

ಹತ್ತಿ ತುಂಬಿ ಹೊಲಿಯುವ ಈ ರಜಾಯಿ ಹೊದಿಕೆ ಹಾರೋಬೆಲೆಯ ಜಪಮಾಲಮ್ಮನದು. ಬದ್ರುನ್ನೀಸಾಳ ಗಂಡ ಇದ್ರೀಸ್ ಕನಕಪುರದಲ್ಲಿ ರೇಷ್ಮೆ ನೂಲು ತೆಗೆಯುವವನು. ಜಪಮಾಲಮ್ಮನ ಮನೆಯ ರೇಷ್ಮೆಗೂಡು ಮಾರುಕಟ್ಟೆಗೆ ಬಂದ ದಿನ ಅವನು ಬೇರೆಯವರ ಗೂಡನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಆ ಗುರುತಿನ ಮೇಲೆ ಮುದುಕಿ ಒಮ್ಮೆ ಅವರ ಮನೆಗೆ ಬಂದು ಟೀ ಕುಡಿಯುವಾಗ ಮಂಚದ ಮೇಲಿದ್ದ ರಜಾಯಿಯನ್ನು ಸವರಿ ಸವರಿ ನೋಡಿದ್ದಳು. ಮುಂದಿನ ಸಲ ಬಂದಾಗ ಕಂಕುಳಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಅವಳ ಮದುವೆಯ ಸೀರೆ, ಕಡುನೀಲಿ ರೇಷ್ಮೆ.

“ನನ್ ಮಗನ್ಗೆ ಬೋ ವರ್ಸ ಆದ್ಮೇಲೆ ಕೂಸಾಗೈತೆ ಕಣವ್ವ. ಇದು ಅದರ ಮೊದಲ್ನೇ ಕ್ರಿಸ್ಮಸ್ಸು. ಹಬ್ಬದ ರಾತ್ರಿ ಪೂಜೆಗೆ ಎತ್ಕಂಡೋಗ್ಬೇಕು, ಹೊಳೆ ಕಡೆ ಗಾಳಿ, ಚಳಿ ಜಾಸ್ತಿ. ಈ ಸೀರೇಲೇ ಒಂದು ರಜಾಯಿ ಹೊಲ್ಕೊಡು. ನಡೂಕೆ ಒಂದು ನಕ್ಸತ್ರ ಇರ್ಲಿ. ಬಾಲ ಇರೋ ನಕ್ಸತ್ರ.” ಎದ್ದು ಹೊರಟವಳು ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ್ದಳು: “ಇರೋದು ಇದೊಂದೇ ಸೀರೆ. ಒಸಿ ನೋಡ್ಕಂಡು ಹೊಲಿಯವ್ವ.”

ಬದ್ರುನ್ನೀಸಾ ನೋಡಿಕೊಂಡೇ ಹೊಲಿದಿದ್ದಳು. ಇಂಥ ಕೆಲಸಕ್ಕೆ ಅವಳು ಬಟ್ಟೆಯನ್ನು ಒತ್ತಿಹಿಡಿಯುವ ಮೆಷಿನ್ನಿನ ಪಾದ ಬಿಚ್ಚಿಡುತ್ತಾಳೆ, ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲನ್ನು ಕೆಳಕ್ಕಿಳಿಸುತ್ತಾಳೆ. ಆಮೇಲೆ ಸೂಜಿ ಇದ್ದಲ್ಲೇ ಕುಣಿಯುತ್ತದೆ, ಬಟ್ಟೆ ಕೈ ಎಳೆದ ಕಡೆ ಓಡುತ್ತದೆ. ಚಾಕಿನ ಗೆರೆ ಬೇಡ, ಅಚ್ಚು ಬೇಡ. ಅವಳ ತಾಯಿ ಗುಲ್ಜಾರ್ ಬೀ ಕಲಿಸಿದ್ದ ನಿಯಮ ಒಂದೇ. ಒಂದು ಹೂವಿಂದ ಇನ್ನೊಂದಕ್ಕೆ ಹೋಗುವಾಗ ದಾರ ಕತ್ತರಿಸಬಾರದು, ಗಂಟು ಬಿದ್ದಲ್ಲೇ ರಜಾಯಿ ಬಿಚ್ಚಿಕೊಳ್ಳುವುದು. ಹೀಗೆ ದಾರ ಕತ್ತರಿಸದೆ ಬದ್ರುನ್ನೀಸಾ ಮೊಹಲ್ಲಾದ ಎಷ್ಟೋ ಮದುವೆಗಳಿಗೆ ರಜಾಯಿ ಹೊಲಿದಿದ್ದಾಳೆ. ಎಲ್ಲದರ ನಡುವೆಯೂ ಚಾಂದ್ ತಾರಾ. ಮೊದಲು ನಕ್ಷತ್ರ, ಅದರ ತುದಿಯಿಂದ ಹಾಗೇ ಚಂದ್ರ. ಇವತ್ತು ನಕ್ಷತ್ರ ಮುಗಿಸಿ ಬಾಲ ಎಳೆಯಲು ಕೈ ತಿರುಗಿಸಿದಳು. ತಲೆಗೆ ಬಾಲ ಗೊತ್ತಿತ್ತು, ಕೈಗೆ ಚಂದ್ರ ಮಾತ್ರ ಗೊತ್ತಿತ್ತು. ಬಾಲ ಬಾಗಿತು, ಇನ್ನಷ್ಟು ಬಾಗಿತು, ಸುತ್ತಿಕೊಂಡು ಬಂದು ನಕ್ಷತ್ರದ ಕೆಳಗೇ ನಿಂತಿತು.

ಊಟಕ್ಕೆ ಬಂದ ಇದ್ರೀಸ್ ಬಟ್ಟೆ ನೋಡಿ ಮೊದಲು ನಕ್ಕುಬಿಟ್ಟ. “ಏನ್ ಬದ್ರೂ, ಹಾಲು ಕುಡಿಯೋ ಕೂಸ್ಗೆ ಈಗ್ಲೇ ಮದ್ವೆ ಮಾಡ್ತಿದ್ದೀಯಾ?”

“ನಗ್ಬೇಡ್ರಿ. ಅವ್ರು ಕೇಳಿದ್ದು ಬಾಲದ ನಕ್ಷತ್ರ.”

“ಬಿಚ್ಚಾಕು, ಅದಕ್ಕೇನಂತೆ.”

“ಹಳೇ ರೇಷ್ಮೆ. ಬಿಚ್ಚಿದ್ರೆ ಸೂಜಿ ತೂತು ಹಂಗೇ ಉಳ್ಕೊತದೆ. ಅವ್ರ ಮದ್ವೆ ಸೀರೆ ಕಣ್ರಿ ಅದು.”

“ಹಂಗಾದ್ರೆ ಮೇಲೊಂದು ತೇಪೆ ಹಾಕು. ಹೂವಿನ ತರ ಮಾಡ್ಬುಡು. ಯಾರ್ಗೆ ಗೊತ್ತಾಯ್ತದೆ?”

ಬದ್ರುನ್ನೀಸಾ ಅದನ್ನೂ ಯೋಚಿಸಿದ್ದಳು. ನೀಲಿ ಬಟ್ಟೆಯ ಚೂರೊಂದನ್ನು ಚಂದ್ರನ ಮೇಲಿಟ್ಟು ನೋಡಿಯೂ ಇದ್ದಳು. ಆದರೆ ಮುದುಕಿ ಬಾಗಿಲಲ್ಲಿ ನಿಂತು ಹೇಳಿದ ಮಾತು ಕಿವಿಯಲ್ಲೇ ಇತ್ತು. ನಂಬಿ ಕೊಟ್ಟವಳ ಕಣ್ಣಿಗೆ ಮಣ್ಣೆರಚುವುದು ಅವಳಿಂದಾಗಲಿಲ್ಲ. ರಜಾಯಿಯನ್ನು ಹಾಗೇ ಮಡಿಸಿಟ್ಟಳು.

ಮುಂದಿನ ಸಂತೆಯ ದಿನ ಜಪಮಾಲಮ್ಮ ಬಂದಳು. ಚಾಪೆಯ ಮೇಲೆ ಕೂತು ನೀರು ಕುಡಿದು, ಕೂಸು ಮಗ್ಗುಲಾಗುವುದನ್ನು ಕಲಿತದ್ದು, ಅದರ ಮೂಗು ತಾತನ ಮೂಗಿನಂತಿರುವುದು, ಎಲ್ಲ ಹೇಳಿದಳು. ಬದ್ರುನ್ನೀಸಾಗೆ ಒಂದೂ ತಲೆಗೆ ಹೋಗಲಿಲ್ಲ. ಕೊನೆಗೆ ರಜಾಯಿ ತಂದು ಮುದುಕಿಯ ಮೊಣಕಾಲ ಮೇಲೆ ಹರಡಿದಳು.

ಜಪಮಾಲಮ್ಮ ನಕ್ಷತ್ರದ ಸುತ್ತ ಕಣ್ಣಾಡಿಸಿದಳು. “ಬಾಲ ಎಲ್ಲವ್ವ?”

“ಬಾಲಾನೇ ಚಂದ್ರ ಆಗೋಯ್ತಮ್ಮ. ಮದ್ವೆ ರಜಾಯಿ ಹೊಲ್ದೂ ಹೊಲ್ದೂ ಕೈ ತಾನಾಗೇ ಓಡ್ಬುಡ್ತು. ನಂದೇ ತಪ್ಪು.”

“ಬಿಚ್ಚೋಕಾಗಲ್ವಾ?”

“ಚಂದ್ರನ್ನ ಬಿಚ್ಚಿದ್ರೆ ನಕ್ಷತ್ರಾನೂ ಬಿಚ್ಕೊತದೆ. ಒಂದೇ ದಾರ. ಬಟ್ಟೆ ತುಂಬಾ ತೂತು ಉಳೀತದೆ.”

“ಇದೊಂದೇ ಸೀರೆ ಅಂದಿದ್ನಲ್ಲವ್ವ.” ದನಿ ಏರಿರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬದ್ರುನ್ನೀಸಾಗೆ. ಅವಳ ಕಣ್ಣು ತುಂಬಿತು.

ಮುದುಕಿ ಅವಳ ಮುಖ ನೋಡಲಿಲ್ಲ. ರಜಾಯಿಯನ್ನು ಬಾಗಿಲ ಬೆಳಕಿಗೆ ಎಳೆದುಕೊಂಡಳು. ಆಮೇಲೆ ತನ್ನಷ್ಟಕ್ಕೇ ಕೇಳಿದಳು: “ಯೇಸುಸ್ವಾಮಿ ಹುಟ್ಟಿದ್ ರಾತ್ರಿ ಚಂದ್ರ ಇರ್ನಿಲ್ವಾ?”

“ನಂಗೇನ್ ಗೊತ್ತಮ್ಮ.”

“ನಂಗೂ ಗೊತ್ತಿಲ್ಲ. ನಮ್ ಚರ್ಚ್ ಸ್ವಾಮಿಯೋರು ನಕ್ಸತ್ರದ್ ವಿಚಾರ ಒಂದೇ ಹೇಳೋದು. ಕತ್ಲೇಲಿ ಕೂಸೆತ್ಕಂಡು ದಾರಿ ನಡೆಯೋರ್ಗೆ ನಕ್ಸತ್ರದ್ ಬೆಳಕು ಎಲ್ಲಿ ಸಾಕಾಯ್ತದೆ? ಇದ್ದಿರ್ಬೇಕು ಚಂದ್ರ.” ತಲೆಯೆತ್ತಿ ಹೇಳಿದಳು, “ಇದ್ದ ಅಂತೀನಿ ನಾನು. ಯಾರಾರ ಕೇಳ್ಲಿ.”

ಬದ್ರುನ್ನೀಸಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದು ಈಗ ನೆನಪಾಯಿತು.

“ಅಂಚು ಇನ್ನೂ ಬರೀದೈತಲ್ಲ,” ಎಂದಳು ಜಪಮಾಲಮ್ಮ. “ಏನ್ ಹಾಕ್ತೀಯಾ?”

“ನೀವೇ ಹೇಳಿ.”

“ಹಿಪ್ನೇರಳೆ ಸೊಪ್ಪು ಹಾಕು. ನಮ್ ಕೂಸು ಹುಟ್ಟಿರೋದು ರೇಸ್ಮೆ ಮನೇಲಿ, ಅದೂ ಗೊತ್ತಾಗ್ಬೇಕು ತಾನೇ. ಸಾಯಂಕಾಲದ ಬಸ್ಸಿಗೆ ಆಗ್ಬುಡ್ತದಾ?”

“ಆಯ್ತದೆ. ಮೊದ್ಲು ಊಟ ಮಾಡಾನ, ಬನ್ನಿ.”

ಇಬ್ಬರೂ ಉಂಡರು. ಬದ್ರುನ್ನೀಸಾ ಮೆಷಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟಳು. ಬಾಬಿನ್ನಿಗೆ ಹೊಸ ದಾರ ಸುತ್ತಿ, ಸ್ಟೂಲಿನ ಮೇಲೆ ಕೂತು, ರಜಾಯಿಗಾಗಿ ಕೈ ಚಾಚಿದಳು.

ಮುದುಕಿ ಕೊಡಲಿಲ್ಲ. ಸೊಪ್ಪು ಕೊಯ್ದು ಕೊಯ್ದು ಬಿರಿದ ಅವಳ ಬೆರಳು ಹೊಲಿಗೆಯ ಮೇಲೆ ನಡೆಯುತ್ತಿತ್ತು. ರೇಷ್ಮೆಗೆ ಸಿಕ್ಕಿಕೊಂಡಲ್ಲಿ ತಡೆದು, ಬಿಡಿಸಿಕೊಂಡು, ನಕ್ಷತ್ರದ ಮೊನೆಗಳನ್ನು ಹತ್ತಿ ಇಳಿದು, ಎಲ್ಲೂ ಮೇಲೇಳದೆ ಚಂದ್ರನ ಬೆನ್ನು ಸವರಿ ಮತ್ತೆ ನಕ್ಷತ್ರಕ್ಕೆ ಬರುತ್ತಿತ್ತು.

“ತಡಿಯವ್ವ, ಇನ್ನೊಂದ್ ಸುತ್ತು,” ಎಂದಳು.