ಅರವತ್ತು ದಾನಿಗಳು

ಬಾಟಲಿ ತೊಳೆಯುವ ಕಾರ್ಖಾನೆಯಲ್ಲಿ ಮೊದಲು ಹೋಗುವುದು ಉಗುರು. ಸೋಡಾ ಬೆರೆಸಿದ ಬಿಸಿನೀರಿನ ತೊಟ್ಟಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೈಯಾಡಿಸಿದರೆ ಆರೇ ತಿಂಗಳಿಗೆ ಉಗುರು ಮೆತ್ತಗಾಗಿ ಮೇಲೇಳುತ್ತದೆ. ಆಮೇಲೆ ಬೆರಳಸಂದಿಯ ಚರ್ಮ. ಸಣ್ಣಕ್ಕ ಆ ತೊಟ್ಟಿಯ ಮುಂದೆ ನಿಂತು ಒಂಬತ್ತು ವರ್ಷ. ಊಟಕ್ಕೆ ಕೂತರೆ ಖಾರ ತಾಗಿ ಕೈ ಉರಿಯುತ್ತಿತ್ತು. ಬಾಟಲಿ ಮಾತ್ರ ಫಳಫಳ.

ಆ ದಿನ ಅರ್ಧ ದಿನದ ಕೂಲಿ ಬಿಟ್ಟು ಅತ್ತೆಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಗಂಡ ಸತ್ತ ಮೇಲೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಮುದುಕಿಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಪೊರೆ ಬಲಿತು ಒತ್ತಡ ಏರುತ್ತಿತ್ತು. "ಹತ್ತು ದಿನದೊಳಗೆ ತೆಗೀಬೇಕು. ಆಮೇಲೆ ಬಂದ್ರೆ ನಾವೇನೂ ಮಾಡೋಕಾಗಲ್ಲ" ಎಂದಿದ್ದರು ಡಾಕ್ಟರು. ಬಡವರ ಕಾರ್ಡಿದ್ದರೆ ಆಪರೇಷನ್ ಪುಕ್ಕಟೆ. ಕಾರ್ಡೇನೋ ಇತ್ತು, ನಡೆಯಲಿಲ್ಲ. ಅದನ್ನು ಹಿಡಿದು ಇಬ್ಬರೂ ಕಾರ್ಡ್ ಕಚೇರಿಗೆ ಓಡಿದರು.

"ರದ್ದಾಗಿದೆ," ಎಂದ ಗುಮಾಸ್ತ. "ನೀವು ಬಡವರಲ್ಲ."

ಅತ್ತೆಗೆ ಕಣ್ಣು ಮಂದವಾದರೂ ನಾಲಿಗೆ ಚುರುಕು. "ಯಾವತ್ತಿಂದ ಸ್ವಾಮಿ? ಮೊದ್ಲೇ ಹೇಳಿದ್ರೆ ಬಾಡಿಗೆ ಕಾರಲ್ಲಿ ಬರ್ತಿದ್ವಲ್ಲ!"

ಗುಮಾಸ್ತ ಕಂಪ್ಯೂಟರನ್ನು ಇತ್ತ ತಿರುಗಿಸಿದ. "ಆಡಳಿತ ಪಕ್ಷಕ್ಕೆ ಒಂದು ಲಕ್ಷ ದೇಣಿಗೆ ಕೊಟ್ಟಿದೀರಿ. ಹೆಸರು, ವಿಳಾಸ, ಸೈನು. ನಿಮ್ದೇ ತಾನೆ?"

ಸೈನು ಅವಳದೇ. ಕೊನೆಯ ಅಕ್ಷರ ಯಾವಾಗಲೂ ಕೆಳಕ್ಕೆ ಜಾರುತ್ತದೆ, ಇಲ್ಲೂ ಜಾರಿತ್ತು.

"ನಾನ್ಯಾಕೆ ಕೊಡ್ಲಿ ಸಾರ್? ಲಕ್ಷ ಅಂದ್ರೆ ಎಷ್ಟು ದಪ್ಪ ಇರುತ್ತೆ ಅಂತಾನೇ ನಂಗೊತ್ತಿಲ್ಲ."

"ತಲೆ ತಿನ್ಬೇಡಿ. ಭಾನುವಾರ ಮಂತ್ರಿಗಳು ದಾನಿಗಳ್ನ ಕರೆದು ಸನ್ಮಾನ ಮಾಡ್ತಾರಲ್ಲ, ಅಲ್ಲೇ ಹೋಗಿ ಕೇಳ್ಕೊಳಿ," ಎಂದು ನಕ್ಕು, ಆ ಹಾಳೆಯ ಒಂದು ಪ್ರತಿ ತೆಗೆದು ಎಸೆದ.

ಹೊರಗೆ ಮೆಟ್ಟಿಲ ಮೇಲೆ ಅತ್ತೆ ಶುರುಮಾಡಿದಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಎಲ್ಲಿ ಬಚ್ಚಿಟ್ಟಿದ್ಯೇ ಅಷ್ಟು ದುಡ್ಡು, ಕಳ್ಳಿ?" ಎರಡು ಮೆಟ್ಟಿಲು ಇಳಿದ ಮೇಲೆ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದಳು. "ನನ್ ಕಣ್ಣು ಹೋಗೇಬಿಡುತ್ತೇನೇ?"

ಸಣ್ಣಕ್ಕ ಹಾಳೆಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡು, ಅತ್ತೆಯನ್ನು ಉಳಿದ ಮೆಟ್ಟಿಲು ಇಳಿಸಿದಳು.

ಮಧ್ಯಾಹ್ನ ಕಾರ್ಖಾನೆಯಲ್ಲಿ ಆ ಹಾಳೆಯನ್ನು ಲೇಬಲ್ ಅಕ್ಕನ ಕೈಗಿಟ್ಟಳು. ಬಾಟಲಿಯ ಹಳೇ ಲೇಬಲ್ ಕೆರೆಯುವ ಈ ಹೆಂಗಸು ಊಟದ ಗಂಟೆಯಲ್ಲಿ ಬುತ್ತಿ ಸುತ್ತಿ ತಂದ ಪೇಪರನ್ನೂ ಬಿಡದೆ ಓದುವವಳು. ತಾರೀಕು ನೋಡಿದ್ದೇ ಅವಳ ಮುಖ ಬಿಗಿಯಿತು.

"ಈ ದಿನ ಜ್ಞಾಪಕ ಇಲ್ವೇನೇ? ಕೈಗವಸು ಬರುತ್ತೆ ಅಂತ ಮೇಸ್ತ್ರಿ ನಮ್ಮೆಲ್ರ ಹತ್ರ ಸೈನ್ ಹಾಕಿಸ್ಕೊಂಡ."

ಜ್ಞಾಪಕವಿತ್ತು. ಅರವತ್ತು ಹೆಂಗಸರು ಸಾಲುಗಟ್ಟಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೈನ್ ಹಾಕಿದ್ದರು. ಕೈಗವಸು ಬರಲೇ ಇಲ್ಲ.

"ಒಬ್ರು ಲಕ್ಷಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ, ಕಾಯ್ದೆ ಇದೆ. ಧಣಿ ತನ್ನ ಅರವತ್ತು ಲಕ್ಷನ ನಮ್ ಹೆಸ್ರಲ್ಲಿ ತೂರಿಸಿದಾನೆ. ಮೂರೇ ತಿಂಗಳಿಗೆ ಮಂತ್ರಿ ಏನ್ಮಾಡ್ದ ಗೊತ್ತಾ? ಬಾಟಲಿ ಕಾರ್ಖಾನೆಗೆ ಇನ್ಮೇಲೆ ತಪಾಸಣೆ ಇಲ್ಲ, ಕೈಗವಸು ಕಡ್ಡಾಯ ಅಲ್ಲ ಅಂತ ಆರ್ಡರ್ ಮಾಡ್ದ. ಪೇಪರಲ್ಲಿ ಬಂದಿತ್ತು." ಲೇಬಲ್ ಅಕ್ಕ ಉಗಿದಳು. "ನಮ್ ಬೆರಳಿಂದ್ಲೇ ನಮ್ ಕಣ್ಣು ಚುಚ್ಚಿದಾರೆ ಕಣೇ!"

ತೊಟ್ಟಿಯ ಸುತ್ತ ಕೈಗಳು ನಿಂತವು. ಒಬ್ಬಳು ಅತ್ತಳು, ಇನ್ನೊಬ್ಬಳು ಧಣಿಯ ಏಳು ತಲೆಮಾರಿಗೂ ಶಾಪ ಹಾಕಿದಳು. ಗದ್ದಲಕ್ಕೆ ಮೇಸ್ತ್ರಿ ಓಡಿಬಂದ.

"ಮಾತು ಹೊರಗೆ ಹೋದ್ರೆ ನಾಳೆಯಿಂದ ಒಬ್ರೂ ಬರ್ಬೇಡಿ!"

"ದಾನಿಗಳ್ನ ಹಂಗೆಲ್ಲ ಗದರಿಸ್ಬಾರ್ದು ಮೇಸ್ತ್ರಿ," ಎಂದಳು ಸಣ್ಣಕ್ಕ. ಯಾರೋ ಕಿಸಕ್ಕೆಂದರು. ನಗು ತೊಟ್ಟಿಯಿಂದ ತೊಟ್ಟಿಗೆ ಹರಡಿತು. ಸನ್ಮಾನಕ್ಕೇ ಹೋಗಿ ಕೇಳಿ ಎಂದು ಗುಮಾಸ್ತ ಗೇಲಿಗೆ ಹೇಳಿದ ಮಾತು ಅವಳ ತಲೆಯಲ್ಲಿ ಆಗಲೇ ಬೇರೂರಿತ್ತು.

ಭಾನುವಾರ ಬೆಳಿಗ್ಗೆ ಸಭಾಭವನದ ಮುಂದೆ ಬಂದವರು ನಲವತ್ತೊಂದು ಮಂದಿ. ಉಳಿದವರಿಗೆ ಕೂಲಿಯ ಹೆದರಿಕೆ. ಅವರನ್ನು ಯಾರೂ ಬೈಯಲಿಲ್ಲ. ಬಾಗಿಲಲ್ಲಿದ್ದವನು ಇವರ ಹರಕು ಚಪ್ಪಲಿ ನೋಡಿ ಕೈ ಅಡ್ಡ ಹಿಡಿದ.

"ಇಲ್ಲಿ ದಾನಿಗಳಿಗೆ ಮಾತ್ರ."

"ಪಟ್ಟಿ ನೋಡಪ್ಪ," ಎಂದಳು ಲೇಬಲ್ ಅಕ್ಕ.

ನೋಡಿದ. ಒಂದಾದ ಮೇಲೊಂದು ಹೆಸರು ಸಿಕ್ಕಿತು. ನಲವತ್ತೊಂದು ಸಲ ಗುರುತು ಹಾಕುವಷ್ಟರಲ್ಲಿ ಬೆವತುಹೋಗಿದ್ದ. ಮುದುಕಿ ಸೊಸೆಯ ಸೆರಗು ಹಿಡಿದು ಹಾಗೇ ಒಳಕ್ಕೆ ನುಸುಳಿದಳು.

ವೇದಿಕೆಯ ಮೇಲೆ ಮಂತ್ರಿ, ಪಕ್ಕದಲ್ಲೇ ಧಣಿ. ಮುಂದಿನ ಸಾಲಲ್ಲಿ ಪೇಪರಿನವರು. "ಕೈಯೆತ್ತಿ ಕೊಡೋರು ಇದ್ರೇನೇ ಪ್ರಜಾಪ್ರಭುತ್ವ ಉಳಿಯೋದು," ಎನ್ನುತ್ತಿದ್ದ ಮಂತ್ರಿ, ಹೆಂಗಸರನ್ನು ಕಂಡು ಮಾತು ನಿಲ್ಲಿಸಿದ.

"ಯಾರಮ್ಮ ನೀವೆಲ್ಲ?"

"ದಾನಿಗಳು ಸ್ವಾಮಿ," ಎಂದಳು ಸಣ್ಣಕ್ಕ.

ಧಣಿ ಧಡಕ್ಕನೆ ಎದ್ದ. "ಸಾರ್, ಇವ್ರು ನಮ್ ಕಾರ್ಖಾನೆ ಹೆಂಗಸ್ರು! ಬಾಟಲಿ ತೊಳೆಯೋರು. ಇವ್ರ ಹತ್ರ ಲಕ್ಷ ಎಲ್ಲಿಂದ ಬರ್ಬೇಕು?"

ಹೇಳಿದ ಮೇಲೆ ಹೊಳೆಯಿತು ಅವನಿಗೆ. ನಾಲಿಗೆ ಕಚ್ಚಿಕೊಂಡ. ಪೇಪರಿನವರು ಆಗಲೇ ಬರೆದುಕೊಳ್ಳುತ್ತಿದ್ದರು.

"ಕೇಳಿದ್ರಾ? ಧಣೀನೇ ಹೇಳಿದ್ರು," ಸಣ್ಣಕ್ಕ ವೇದಿಕೆ ಹತ್ತಿದಳು. "ಇಷ್ಟೇ ಬರೆದು ಕೊಡಿ ಧಣಿ. ಇವ್ರ ಹತ್ರ ದುಡ್ಡಿಲ್ಲ, ಕೊಟ್ಟಿದ್ದು ನಾನು ಅಂತ. ನಮ್ಮತ್ತೆ ಕಣ್ಣಿಗೆ ಇನ್ನು ನಾಲ್ಕೇ ದಿನ ಇದೆ. ಇಲ್ಲ, ನಾವೇ ಕೊಟ್ಟಿದ್ದು ಅಂತೀರಾ? ಹಂಗಾದ್ರೆ ಮಂತ್ರಿಗಳು ಕೊಟ್ಟೋರ ಮಾತು ಕೇಳ್ಲಿ. ಆ ಆರ್ಡರ್ ಈಗ್ಲೇ ಹರೀಲಿ."

"ಸಭೆ ಮುಗೀಲಿ, ಆಮೇಲೆ ಮಾತಾಡೋಣ," ಎಂದ ಮಂತ್ರಿ. ಯಾರೋ ಮೈಕಿನ ವಯರು ಕಿತ್ತರು. ಒಂಬತ್ತು ವರ್ಷ ಯಂತ್ರದ ಗದ್ದಲದಲ್ಲಿ ಕೂಗಿ ಮಾತಾಡಿದ ಗಂಟಲಿಗೆ ಮೈಕು ಯಾಕೆ ಬೇಕು? ಬಾಗಿಲಲ್ಲಿ ಪೊಲೀಸರ ಟೋಪಿ ಕಂಡವು. ಹೆಂಗಸರು ಒಬ್ಬೊಬ್ಬರಾಗಿ ಬಿಳಿ ಬಟ್ಟೆ ಹೊದಿಸಿದ ಕುರ್ಚಿ ಎಳೆದು ಕೂತರು.

ಸಣ್ಣಕ್ಕ ಹಾಳೆಯನ್ನು ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ ಧಣಿಯ ಮುಂದಿಟ್ಟಳು. ಧಣಿ ಮಂತ್ರಿಯ ಮುಖ ನೋಡಿದ. ಮಂತ್ರಿ ಬೇರೆಲ್ಲೋ ನೋಡಿದ.

"ಬರೀರಿ," ಎಂದಳು.

"ಬರೀರಿ!" ಎಂದರು ಹಿಂದಿನಿಂದ ಅಷ್ಟೂ ಹೆಂಗಸರು.